ಹತ್ತೇ ಮಣಿ, ಬಾಗಿಲು ಹಾಕಿಕೊಂಡು

ದಿನಾ ಜಪಸರ ಹಿಡಿದು ಮಣಿಗೊಂದರಂತೆ 53 "ನಮೋ ಮರಿಯ" ಪ್ರಾರ್ಥನೆ ಹೇಳುತ್ತಿದ್ದವನು ಹತ್ತಕ್ಕೆ ಇಳಿದಾಗ ನಮ್ಮ ಪ್ರಾರ್ಥನಾ ಕೂಟದವರು "ಸೋಮಾರಿಗೊಂದು ನೆಪ" ಅಂದರು. ಎರಡು ವರ್ಷದ ಮೇಲಾಯಿತು, ಇನ್ನೂ ನಡೆಯುತ್ತಿದೆ. ಹಾಗೆ ಅಂದವರಲ್ಲೇ ಒಂದಿಬ್ಬರು ಈಗ ಹೇಗೆ ಮಾಡ್ತೀಯ ಅಂತ ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲೆಲ್ಲ ನಾನು ಮಾಡದೆ ಬಿಟ್ಟಿದ್ದೇನೂ ಇರಲಿಲ್ಲ. ಗುರುವಾರ ಬೆಂಗಳೂರಿನ ವಿವೇಕನಗರದ ಬಾಲಯೇಸುವಿನ ಚರ್ಚಿನಲ್ಲಿ ನೊವೆನಾ, ಅಂದರೆ ಒಂಬತ್ತು ಸಲ ಮಾಡುವ ಪ್ರಾರ್ಥನೆ. ಆಗಸ್ಟ್ 29ರಿಂದ ಶಿವಾಜಿನಗರದ ಮರಿಯಮ್ಮನವರ ಚರ್ಚಿನ ನೊವೆನಾ, ಕಾವಿ ಬಟ್ಟೆ ಸಮೇತ. ಮೇಣದಬತ್ತಿ, ಹೂವು, ಆಟೋ, ಕಾಣಿಕೆ ಸೇರಿ ತಿಂಗಳಿಗೆ ಎರಡು ಸಾವಿರದ ಹತ್ತಿರ. ವೇಳಾಂಕಣ್ಣಿ ಯಾತ್ರೆಗೆ ಹೋಗಿದ್ದ ವರ್ಷ ಮನೆಮಂದಿಗೆಲ್ಲ ಹದಿನೈದು ಸಾವಿರ ಆಗಿರಬೇಕು. ಹರಕೆ ತಪ್ಪು ಅನ್ನುತ್ತಿಲ್ಲ, ಅಲ್ಲಿ ಅತ್ತು ಹಗುರಾದವರನ್ನು ಕಣ್ಣಾರೆ ಕಂಡಿದ್ದೇನೆ. ನನ್ನ ಬಾಯಿ ಮಾತ್ರ ಜಪ ಹೇಳುತ್ತಿತ್ತು, ತಲೆ ಬೈಕ್ ನಿಲ್ಲಿಸಿದ ಕಡೆ ಇತ್ತು. ಸೈಟಿನ ಜಗಳಕ್ಕೆ ತಮ್ಮನ ಜೊತೆ ಮಾತು ಬಿಟ್ಟಿದ್ದೆ. ಅಷ್ಟು ನೊವೆನಾಗಳಲ್ಲಿ ಒಮ್ಮೆಯೂ ಅವನ ಹೆಸರು ಬಾಯಿಗೆ ಬರಲಿಲ್ಲ.

ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೋ ಅನ್ನುತ್ತದೆ ಬೈಬಲಿನ ಮತ್ತಾಯ 6:6. ಎರಡು ರೂಮಿಗೆ ಆರು ಜನ ಇರುವ ಮನೆಯಲ್ಲಿ ಯಾವ ಕೋಣೆ? ಅಡುಗೆಮನೆಯೇ ಗತಿ. ಹಾಲಿನವನು ಬರುವ ಮೊದಲು, ಸಿಲಿಂಡರ್ ಪಕ್ಕ ಚಾಪೆ ಹಾಕಿ ಕೂರುತ್ತೇನೆ. ಒಂದು ಮಣಿಗೆ ಒಬ್ಬರ ಹೆಸರು. ಅವರ ಮುಖ ಕಣ್ಣಮುಂದೆ ಬರುವವರೆಗೆ ಬೆರಳು ಮುಂದೆ ಹೋಗಬಾರದು. ಹತ್ತನೇ ಮಣಿ, ಯಾರ ಮುಖ ನೋಡಲು ಇಷ್ಟವಿಲ್ಲವೋ ಅವರಿಗೆ.

ಶುರುವಿನಲ್ಲಿ ಏಳನೇ ಮಣಿಗೇ ನಿದ್ದೆ. ಮುಖ ತೊಳೆದು ನೋಡಿದೆ, ನಿಂತು ನೋಡಿದೆ, ಕಾಫಿ ಕುಡಿದು ನೋಡಿದೆ. ಕೊನೆಗೆ ಕೈಹಿಡಿದ ಉಪಾಯ ಬೇರೆಯೇ. ಅದನ್ನು ಇಲ್ಲಿ ಹೇಳಲ್ಲ, ನಗುತ್ತೀರಿ.

ನಡುವೆ ಆರ್ಥೊಡಾಕ್ಸ್ ಕ್ರೈಸ್ತರ ಯೇಸು ಜಪವನ್ನೂ ಮೆಟ್ರೋದಲ್ಲಿ ಮಾಡಿ ನೋಡಿದೆ. ಉಸಿರು ಎಳೆಯುವಾಗ "ಕರ್ತನಾದ ಯೇಸುಕ್ರಿಸ್ತನೇ", ಬಿಡುವಾಗ "ಪಾಪಿಯಾದ ನನ್ನನ್ನು ಕರುಣಿಸು". ಮೆಜೆಸ್ಟಿಕ್‌ವರೆಗೆ ಚೆನ್ನಾಗಿಯೇ ನಡೆಯುತ್ತಿತ್ತು. ಅಲ್ಲಿ ರೈಲು ಬದಲಿಸುವ ನೂಕಾಟದಲ್ಲಿ ಜಪವೂ ಹೋಯಿತು, ಕರುಣೆಯೂ ಹೋಯಿತು.

ಮನಸ್ಸು ಒಣಗಿದ ದಿನ ಬೈಬಲಿನ ಕೀರ್ತನೆ 88 ತೆರೆದಿಡುತ್ತೇನೆ. ಕೊನೆಯ ಸಾಲೂ ಕತ್ತಲಲ್ಲೇ ಮುಗಿಯುವ ಕೀರ್ತನೆ ಅದು, ಸುಳ್ಳು ಸಮಾಧಾನ ಹೇಳುವುದಿಲ್ಲ. ಸ್ಪೇನಿನ ಆವಿಲಾದ ಸಂತ ತೆರೇಸಾ 18 ವರ್ಷ ಕೈಯಲ್ಲಿ ಪುಸ್ತಕ ಇಲ್ಲದೆ ಪ್ರಾರ್ಥನೆಗೆ ಕೂರಲು ಹೆದರುತ್ತಿದ್ದರಂತೆ. ಗಂಟೆ ಯಾವಾಗ ಹೊಡೆಯುತ್ತೋ ಅಂತ ಕಾದದ್ದೂ ಉಂಟಂತೆ. ಅಂಥವರಿಗೇ ಹಾಗಾದರೆ ನಮ್ಮದೇನು, ಅಲ್ವಾ?

ಭಾನುವಾರ ಸಂಜೆ ಅಮ್ಮನ ಜೊತೆ ಪೂರ್ತಿ ಜಪಸರಕ್ಕೆ ಕೂರುತ್ತೇನೆ. ಅದನ್ನು ಬಿಟ್ಟರೆ ಮನೆಯಲ್ಲಿ ಊಟ ಸಿಗಲ್ಲ. ನೊವೆನಾ ಓಡಾಟ ಬಿಟ್ಟು ತಿಂಗಳಿಗೆ ಉಳಿದ ಎರಡು ಸಾವಿರ ಎಲ್ಲಿಗೆ ಹೋಗುತ್ತೆ ಅಂತ ಹೆಂಡತಿ ಕೇಳುತ್ತಾಳೆ. ಬಲಗೈ ಕೊಟ್ಟದ್ದು ಎಡಗೈಗೂ ತಿಳಿಯಬಾರದು ಅಂದಿದ್ದಾರಲ್ಲ, ಹೇಳಿಲ್ಲ.

ಏಳೆಂಟು ತಿಂಗಳು ಹತ್ತನೇ ಮಣಿಯಲ್ಲಿ ತಮ್ಮನೇ ಕೂತಿದ್ದ. ಒಂದು ಬೆಳಿಗ್ಗೆ ಫೋನ್ ಮಾಡಿದೆ. "ಏನಣ್ಣ, ಯಾರು ಹೋದ್ರು?" ಅಂದ ಗಾಬರಿಯಲ್ಲಿ. ಆ ಕ್ರಿಸ್‌ಮಸ್‌ಗೆ ಮಕ್ಕಳನ್ನೂ ಕರೆದುಕೊಂಡು ಊಟಕ್ಕೆ ಬಂದ. ಸೈಟು ಇನ್ನೂ ಇತ್ಯರ್ಥ ಆಗಿಲ್ಲ.