ಫರ್ನೇಸ್ ಕೀಳಲಿಲ್ಲ, ಗಾಳಿಯ ದಾರಿ ಸರಿಮಾಡಿದೆ

ಎರಡು ಚಳಿಗಾಲ ಮನೆ ಬಿಸಿಮಾಡುವ ಈ ಫರ್ನೇಸ್ ನನ್ನ ತಲೆ ತಿಂದಿತು. ಮೂರನೆಯದರಲ್ಲಿ ಸರಿಯಾಯಿತು. ನೋಡಲು ಬಂದವರೆಲ್ಲ ಒಂದೇ ಮಾತು ಹೇಳಿದ್ದರು: "ಹಳೇದಾಯ್ತು, ಕಿತ್ತು ಹೊಸದು ಹಾಕ್ಸಿ." ನಾನು ಕೀಳಲಿಲ್ಲ. ಹೊಸದಕ್ಕೆ ಕೇಳಿದ ಹಣದಲ್ಲಿ ಆರನೇ ಒಂದು ಪಾಲೂ ನನಗೆ ಖರ್ಚಾಗಲಿಲ್ಲ. ಅದರಲ್ಲೂ ಅರ್ಧ ನನ್ನ ತಪ್ಪುಗಳಿಗೇ ಹೋಯಿತು.

ನನ್ನದು ಡ್ರಾಫ್ಟ್ ಹುಡ್ (ಹೊಗೆ ಕೊಳವೆಯ ಬುಡದಲ್ಲಿ ಕೋಣೆಯ ಗಾಳಿಯೂ ಸೇರುವ ತೆರೆದ ಬಾಯಿ) ಇರುವ ಹಳೇ ಗ್ಯಾಸ್ ಫರ್ನೇಸ್, ಶಾಖದ ಲೆಕ್ಕದಲ್ಲಿ ಗಂಟೆಗೆ 80,000 ಬಿಟಿಯು. ಅದೇ ಕೋಣೆಯಲ್ಲಿ 40,000 ಬಿಟಿಯು ವಾಟರ್ ಹೀಟರ್. ಎರಡಕ್ಕೂ ಒಂದೇ ವೆಂಟ್, ಅಂದರೆ ಹೊಗೆ ಹೊರಹೋಗುವ ಕೊಳವೆ. ಉರಿಯಲು ಗಾಳಿ ಸಾಲಬೇಕಲ್ಲ, 1,000 ಬಿಟಿಯುಗೆ 50 ಘನ ಅಡಿ ಅಂತ ಲೆಕ್ಕ ಹಾಕಿದರೆ 6,000 ಘನ ಅಡಿ ಜಾಗ ಬೇಕು. ಕೋಣೆ ಹೆಚ್ಚೆಂದರೆ 600 ಇದ್ದೀತು. ಅಂದಮೇಲೆ ಹೊರಗಿನ ಗಾಳಿ ಬೇಕೇ ಬೇಕು.

ಮೊದಲ ಸುಳಿವು ಸಿಕ್ಕಿದ್ದು ವಾಟರ್ ಹೀಟರಿನ ತಲೆಯ ಮೇಲೆ. ಪೈಪುಗಳ ಬುಡದಲ್ಲಿ ಕೆಂಪು, ನೀಲಿ ಪ್ಲಾಸ್ಟಿಕ್ ಬಳೆಗಳು ಇರುತ್ತವಲ್ಲ, ಅದರಲ್ಲಿ ಕೆಂಪು ಬಳೆ ಒಂದು ಕಡೆ ಮೇಣದ ಹಾಗೆ ಕರಗಿ ಇಳಿದಿತ್ತು. ಮೇಲೆ ಹೋಗಬೇಕಾದ ಬಿಸಿ ಹೊಗೆ ಕೆಳಗೆ ಚೆಲ್ಲದೆ ಹಾಗೆ ಆಗುವುದಿಲ್ಲ. ಗೋಡೆಯ ಸಿಒ (ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ) ಅಲಾರಂ ಮಾತ್ರ ಸುಮ್ನೆ ಇತ್ತು. 70 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ 70 ಪಾಲು) ಇದ್ದರೂ ಅದು ಕೂಗಲು ಒಂದು ಗಂಟೆಯಿಂದ ನಾಲ್ಕು ಗಂಟೆ ಹಿಡಿಯುತ್ತದೆ. ಸಣ್ಣ ಅಂಕಿಯನ್ನೂ ತೋರಿಸುವ ಮೀಟರ್ ತಂದು ಇಟ್ಟೆ. 20ರ ಆಸುಪಾಸು ತೋರಿಸಿತು. ಹೆಂಡತಿಗೆ ಬೆಳಿಗ್ಗೆ ಬೆಳಿಗ್ಗೆ ಬರುತ್ತಿದ್ದ ತಲೆನೋವಿಗೆ ಆಗ ಕಾರಣ ಗೊತ್ತಾಯಿತು. ಕಿಟಕಿ ತೆಗೆದು ಅವತ್ತೇ ಎರಡನ್ನೂ ಬಂದ್ ಮಾಡಿದೆ.

ಶುರು ಮಾಡಿದ್ದು ವೆಂಟ್‌ನಿಂದ. ಫರ್ನೇಸಿನಿಂದ ವೆಂಟಿಗೆ ಹೋಗುವ ಕನೆಕ್ಟರ್ ಪೈಪ್ ನಡುವೆ ಜೋತು ಬಿದ್ದಿತ್ತು, ಎರಡು ಎಲ್ಬೋ (ತಿರುವು) ಬೇರೆ. ಒಂದು ಎಲ್ಬೋ ತೆಗೆದೆ, ಒಂದು ಅಡಿ ಉದ್ದಕ್ಕೆ ಕಾಲಿಂಚು ಏರು ಕೊಟ್ಟೆ, ಜಾಯಿಂಟಿಗೆ ಮೂರು ಸ್ಕ್ರೂ ಹಾಕಿದೆ. ಒಂಟಿ ಪದರದ ಪೈಪಿಗೂ ಮರಕ್ಕೂ 6 ಇಂಚು ಅಂತರ ಬೇಕು. ಅಷ್ಟು ಸಿಗದ ಕಡೆ ಎರಡು ಪದರದ ಬಿ-ವೆಂಟ್ ಹಾಕಿದೆ, ಅದಕ್ಕೆ 1 ಇಂಚು ಸಾಕು. ಕೆಲಸ ಅಚ್ಚುಕಟ್ಟಾಗಿತ್ತು, ಆದರೂ ಹೊಗೆ ಚೆಲ್ಲುವುದು ನಿಲ್ಲಲಿಲ್ಲ.

ಆಮೇಲೆ ಹೊರಗಿನ ಗಾಳಿಗೆ ಎರಡು ಡಕ್ಟ್ (ಗಾಳಿ ಕೊಳವೆ), ಸೂರಿನ ಹತ್ತಿರ ಒಂದು, ನೆಲದ ಹತ್ತಿರ ಒಂದು. "ಚಳಿಗಾಲದಲ್ಲಿ ಗೋಡೆಗೆ ತೂತು ಕೊರೀತೀಯಾ?" ಅಂತ ಜೊತೆಯವರು ಕೇಳಿದರು. ಕೊರೆದೆ. ಎಡವಿದ್ದು ಅಳತೆಯಲ್ಲಿ. ನೇರ ಮೇಲಕ್ಕೆ ಹೋಗುವ ಡಕ್ಟಿಗೆ 4,000 ಬಿಟಿಯುಗೆ 1 ಚದರ ಇಂಚು. ಗೋಡೆಯಿಂದ ಅಡ್ಡ ಬರುವುದಕ್ಕೆ 2,000ಕ್ಕೇ 1. ನಾನು ಮೊದಲಿನ ಲೆಕ್ಕ ಹಿಡಿದು 7 ಇಂಚಿನದು ಹಾಕಿಬಿಟ್ಟಿದ್ದೆ. ಬೇಕಾಗಿದ್ದು ಒಂದೊಂದಕ್ಕೂ 60 ಚದರ ಇಂಚು, ಅಂದರೆ 9 ಇಂಚಿನ ಡಕ್ಟ್. ಅದರ ಬಾಯಿಗೆ ಚಂದ ಕಾಣಲಿ ಅಂತ ಮರದ ಲೂವರ್ (ಓರೆ ಪಟ್ಟಿಗಳ ಮುಚ್ಚಳ) ಬೇರೆ ಕೂರಿಸಿದ್ದೆ. ಮರದ ಲೂವರಿನ ಅಳತೆಯಲ್ಲಿ ಕಾಲು ಭಾಗವನ್ನಷ್ಟೇ ಗಾಳಿಯ ಲೆಕ್ಕಕ್ಕೆ ಹಿಡಿಯುವುದು, ಲೋಹದ್ದಾದರೆ ಮುಕ್ಕಾಲು. ಹಿಂದೆ ಸೊಳ್ಳೆ ಪರದೆಯಂಥ ಜಾಲರಿ ಕಟ್ಟಿದ್ದೆ. ಒಂದೇ ತಿಂಗಳಲ್ಲಿ ಧೂಳು, ನಾರು ತುಂಬಿ ಕಂಬಳಿಯ ಹಾಗೆ ದಪ್ಪಗಾಯಿತು. ಎಲ್ಲ ಕಿತ್ತು 9 ಇಂಚಿನ ಡಕ್ಟ್, ದೊಡ್ಡ ಲೋಹದ ಲೂವರ್, ಕಾಲಿಂಚಿನ ಜಾಲರಿ ಹಾಕಿದೆ. ಜಾಸ್ತಿ ದುಡ್ಡು ಹಾಳಾಗಿದ್ದು ಇಲ್ಲೇ.

ನಡುವೆ ಇನ್ನೊಂದು ಪ್ರಯೋಗ. ಕೆಳಗಿನ ಡಕ್ಟಿನಿಂದ ತಣ್ಣನೆ ಗಾಳಿ ಸುರಿದು ನೀರಿನ ಪೈಪ್ ಹೆಪ್ಪುಗಟ್ಟೀತು ಅಂತ ಹೆದರಿ, ಅದರ ಬಾಯನ್ನು ಬಗ್ಗಿಸಿ ಒಂದು ಬಕೆಟಿನೊಳಗೆ ಇಳಿಬಿಟ್ಟೆ. ಚಳಿ ಕಡಿಮೆಯಾಯಿತು. ಆದರೆ ಬಕೆಟಿನ ಅಂಚು ದಾಟಿ ಗಾಳಿ ಬರಲು ನಿಜವಾಗಿ ಎಷ್ಟು ಜಾಗ ಉಳಿಯಿತು ಅಂತ ಅಳೆಯಲು ಆಗಲಿಲ್ಲ. ವಾರಕ್ಕೆ ತೆಗೆದು ಹಾಕಿದೆ. ನೀರಿನ ಪೈಪಿಗೇ ಇನ್ಸುಲೇಷನ್ ಸುತ್ತಿದೆ.

ಇಷ್ಟಾದರೂ ಕೆಲವು ರಾತ್ರಿ ಮೀಟರ್ 10 ದಾಟುತ್ತಿತ್ತು. ಒಂದು ಸಂಜೆ ಊದುಬತ್ತಿ ಹಿಡಿದು ಹುಡ್ ಪಕ್ಕ ಕೂತೆ. ಬರ್ನರ್ ಉರಿಯುತ್ತಿದ್ದಾಗ ಹೊಗೆಯ ಎಳೆ ನೆಟ್ಟಗೆ ಒಳಗೆ ಹೋಗುತ್ತಿತ್ತು. ಬಿಸಿ ಗಾಳಿಯನ್ನು ಮನೆಗೆಲ್ಲ ತಳ್ಳುವ ಬ್ಲೋವರ್ ಶುರುವಾದದ್ದೇ ತಡ, ಎಳೆ ನಡುಗಿತು, ನಿಂತಿತು, ಆಮೇಲೆ ನನ್ನ ಮುಖದ ಕಡೆ ತಿರುಗಿತು. ಅಲ್ಲಿಗೆ ಕಳ್ಳ ಸಿಕ್ಕಿಬಿದ್ದ. ಫರ್ನೇಸ್ ಪಕ್ಕದ ರಿಟರ್ನ್ ಪ್ಲೀನಮ್ (ಮನೆಯ ಗಾಳಿ ಫರ್ನೇಸಿಗೆ ಮರಳುವ ಪೆಟ್ಟಿಗೆ) ಸಂದುಗಳಲ್ಲಿ ಬಾಯಿ ಬಿಟ್ಟಿತ್ತು. ಹಿಂದೆ ಯಾರೋ ಹಚ್ಚಿದ್ದ ಬಟ್ಟೆಯ ಡಕ್ಟ್ ಟೇಪ್ ಒಣಗಿ ಉದುರಿತ್ತು. ಬ್ಲೋವರ್ ಆ ಕೋಣೆಯ ಗಾಳಿಯನ್ನೇ ಎಳೆದು, ಅದರ ಜೊತೆ ಹೊಗೆಯನ್ನೂ ಮನೆಗೆಲ್ಲ ಹಂಚುತ್ತಿತ್ತು. ಇಷ್ಟು ಜನ ಪರಿಣತರು ಬಂದು ಹೋದರು, ಒಬ್ಬರೂ ಬ್ಲೋವರ್ ಹಾಕಿ ನೋಡಿರಲಿಲ್ಲ. ನಾನು ನೋಡಿದೆ.

ಸಂದಿಗೆಲ್ಲ ಮ್ಯಾಸ್ಟಿಕ್ ಎಂಬ ದಪ್ಪ ಅಂಟು ಬಳಿದೆ. ಕಾಲಿಂಚಿಗಿಂತ ದೊಡ್ಡ ಸಂದಿಗೆ ಮೊದಲು ಫೈಬರ್ ಜಾಲರಿ ಟೇಪ್. ಗೋಡೆಗೆ ಅಂಟಿದ, ಕೈ ಹೋಗದ ಹಿಂಬದಿಗೆ ಹೇಗೆ ಹಚ್ಚಿದೆ ಅನ್ನುವುದು ನನ್ನ ಕಸುಬಿನ ಗುಟ್ಟು. ಅದೊಂದು ನನ್ನ ಹತ್ತಿರವೇ ಇರಲಿ.

ಸೀಲ್ ಮಾಡಿದ ಮರುದಿನ ಹೊಸ ತೊಂದರೆ. ಫರ್ನೇಸ್ ನಡುವೆ ನಡುವೆ ಆರತೊಡಗಿತು. ಅಷ್ಟು ದಿನ ಬ್ಲೋವರಿನ ಹೊಟ್ಟೆ ತುಂಬಿಸುತ್ತಿದ್ದದ್ದೇ ಆ ಸೋರಿಕೆ. ಅದು ಮುಚ್ಚಿದ ಮೇಲೆ ರಿಟರ್ನ್ ಸಾಲಲಿಲ್ಲ. ಟೆಂಪರೇಚರ್ ರೈಸ್ (ಒಳಹೋಗುವ ಗಾಳಿಗಿಂತ ಹೊರಬರುವ ಗಾಳಿ ಎಷ್ಟು ಬಿಸಿ ಅನ್ನುವುದು) 80 ಡಿಗ್ರಿ ಫ್ಯಾರನ್‌ಹೀಟ್ ದಾಟಿ, ಅತಿ ಬಿಸಿಯಾದರೆ ಉರಿ ಆರಿಸುವ ಲಿಮಿಟ್ ಸ್ವಿಚ್ ಬೀಳುತ್ತಿತ್ತು. ಫರ್ನೇಸಿನ ವಿವರದ ಪ್ಲೇಟಿನ ಮೇಲಿದ್ದದ್ದು 45ರಿಂದ 75. ಹಜಾರದಿಂದ 14 ಇಂಚಿನ ಇನ್ನೊಂದು ರಿಟರ್ನ್ ಇಳಿಸಿದೆ. ಈಗ ರೈಸ್ 60ರ ಹತ್ತಿರ ನಿಂತಿದೆ.

ಗ್ಯಾಸ್ ಪೈಪಿಗೆ ನಾನು ಕೈ ಹಾಕಲಿಲ್ಲ. ಒತ್ತಡ ನೋಡಲು, ಬರ್ನರ್ ತೊಳೆಯಲು ಲೈಸೆನ್ಸ್ ಇರುವವರನ್ನು ಕರೆದೆ. ಅವರ ಎದುರೇ ಕೊನೆಯ ಪರೀಕ್ಷೆ ಮಾಡಿದೆ. ಕಿಟಕಿ ಬಾಗಿಲು ಮುಚ್ಚಿ, ಅಡುಗೆಮನೆಯ ಫ್ಯಾನ್, ಬಚ್ಚಲಿನ ಫ್ಯಾನ್, ಡ್ರೈಯರ್, ಬ್ಲೋವರ್ ಎಲ್ಲ ಒಟ್ಟಿಗೆ ಹಾಕಿದೆವು. ಬರ್ನರ್ 5 ನಿಮಿಷ ಉರಿದ ಮೇಲೆ ವೆಂಟಿನ ಸೆಳೆತ ಅಳೆಯುವ ಗೇಜ್ ಮೈನಸ್ 0.02 ಇಂಚು (ನೀರಿನ ಮಟ್ಟದ ಲೆಕ್ಕದಲ್ಲಿ) ತೋರಿಸಿತು, ಅಂದರೆ ಹೊಗೆಯನ್ನು ಮೇಲಕ್ಕೇ ಎಳೆಯುತ್ತಿತ್ತು. ಊದುಬತ್ತಿಯ ಎಳೆ ಹುಡ್ ಒಳಗೇ ಹೋಯಿತು. ಅವರು ಇನ್ನೊಂದು ಸಲ ಹಿಡಿದು ನೋಡಿದರು, ಆಗಲೂ ಒಳಗೇ ಹೋಯಿತು.

ಈ ಚಳಿಗಾಲ ಪೂರ್ತಿ ಮೀಟರ್ ಸೊನ್ನೆ. ಲೂವರಿನ ಜಾಲರಿಯನ್ನು ತಿಂಗಳಿಗೊಮ್ಮೆ ಬ್ರಷ್ಷಿನಿಂದ ಉಜ್ಜುತ್ತೇನೆ. ಕರಗಿದ ಆ ಕೆಂಪು ಬಳೆಯನ್ನು ತೆಗೆದು ಹೊಸದು ಹಾಕಿದ್ದೇನೆ. ಕೆಳಗೆ ಇಳಿದಾಗಲೆಲ್ಲ ಮೊದಲು ಅದರ ಮೇಲೆ ಕಣ್ಣು ಹೋಗುತ್ತದೆ. ಇನ್ನೂ ದುಂಡಗೇ ಇದೆ.