ಮುದ್ರೆಯನ್ನು ಕೊನೆಗೆ ನೋಡುವುದು

ಮುಂಬಯಿಯ ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಚಕಮಕಿ ಕಲ್ಲಿನ ಪಿಸ್ತೂಲು ಕೇಳಿದರೆ, ಅಂಗಡಿಯವರು ಮೊದಲು ಬೆರಳಿಟ್ಟು ತೋರಿಸುವುದು ಲಾಕಿನ, ಅಂದರೆ ಕಿಡಿ ಹಾರಿಸುವ ಯಂತ್ರಭಾಗದ, ಮೇಲಿನ ಕಿರೀಟದ ಮುದ್ರೆಯನ್ನು, ಲಂಡನ್ನಿನ ಟವರ್ ಶಸ್ತ್ರಾಗಾರವನ್ನು ಸೂಚಿಸುವ ‘ಟವರ್’ ಎಂಬ ಅಕ್ಷರಗಳನ್ನು. ನಾನು ಅವನ್ನು ಕೊನೆಗೆ ನೋಡುತ್ತೇನೆ. ಗೋಡೆಗೆ ತೂಗುಹಾಕಲೆಂದೇ ಮಾಡಿದ ನಕಲುಗಳಲ್ಲೂ ಅದೇ ಕಿರೀಟ ಇರುತ್ತದೆ, ಕೆಲವೊಮ್ಮೆ ಅಸಲಿಗಿಂತ ಸ್ಪಷ್ಟವಾಗಿ.

ಮಾಟುಂಗ, ದಾದರ್ ಕಡೆಯ ನಮ್ಮವರು ಕೊಳ್ಳುವ ಮುನ್ನ ನನ್ನನ್ನು ಕರೆಯುವುದುಂಟು. ಆಗ ನನ್ನ ಮೊದಲ ಸಲಕರಣೆ ಭೂತಗನ್ನಡಿಯಲ್ಲ, ತೆಳ್ಳನೆಯ ಮರದ ಕಡ್ಡಿ. ಅದನ್ನು ನಳಿಗೆಯ ಬಾಯಿಯಿಂದ ಒಳಕ್ಕೆ ಬಿಟ್ಟು, ಎಷ್ಟು ಇಳಿಯಿತೆಂದು ಹೊರಗಿನಿಂದ ಅಳೆಯುತ್ತೇನೆ. ಕಿಡಿ ಒಳಹೋಗುವ ರಂಧ್ರಕ್ಕಿಂತ ಬಹಳ ಮೊದಲೇ ಕಡ್ಡಿ ನಿಂತರೆ ಒಳಗೆ ಹಳೆಯ ಮದ್ದುಗುಂಡು ಇರಬಹುದು. ಅಲ್ಲಿಗೆ ನನ್ನ ಕೆಲಸ ನಿಲ್ಲುತ್ತದೆ. ಮುಂದಿನದು ಪರವಾನಗಿ ಇರುವ ಬಂದೂಕು ದುರಸ್ತಿಗಾರರದು.

ಖಾಲಿ ಎಂದು ಖಚಿತವಾದ ಮೇಲೆ, ಮಾಲೀಕರ ಒಪ್ಪಿಗೆ ಪಡೆದು ನಳಿಗೆಯನ್ನು ಮರದಿಂದ ಬಿಡಿಸುತ್ತೇನೆ. ಮಾರುವವರು ಉಜ್ಜಿ ಹೊಳಪಿಸದ ಜಾಗ ಅದರ ಅಡಿಭಾಗ. ಹಳೆಯ ಕುಶಲಕರ್ಮಿಗಳು ಬಿಡಿಭಾಗಗಳು ಬೆರೆಯದಿರಲೆಂದು ಅಲ್ಲಿ ಅರದಿಂದ ಗೀರು ಹಾಕುತ್ತಿದ್ದರು ಅಥವಾ ರೋಮನ್ ಅಂಕೆ ಕೊರೆಯುತ್ತಿದ್ದರು. ನಳಿಗೆಯಡಿ ಮೂರು ಗೀರು, ಲಾಕಿನ ಒಳಗೆ ಐದು ಗೀರು ಕಂಡರೆ ಎರಡು ಪಿಸ್ತೂಲುಗಳ ಮದುವೆ ನಡೆದಿರುವ ಅನುಮಾನ ಹುಟ್ಟುತ್ತದೆ.

ಈಗ ಮುದ್ರೆ. ಅದು ಏನು ಹೇಳುತ್ತದೆ ಎನ್ನುವುದಕ್ಕಿಂತ ತುಕ್ಕು ಮೊದಲೋ ಮುದ್ರೆ ಮೊದಲೋ ಎಂದು ನೋಡಬೇಕು. ತುಕ್ಕಿನ ಕುಳಿ ಅಕ್ಷರದ ಅಂಚನ್ನು ತಿಂದಿದ್ದರೆ ಮುದ್ರೆ ಹಳೆಯದು. ಮುದ್ರೆಯೇ ಕುಳಿಯನ್ನು ಜಜ್ಜಿದ್ದರೆ ಯಾರೋ ಈಚೆಗೆ ಹೊಡೆದಿದ್ದಾರೆ. ಅಚ್ಚಿನಲ್ಲಿ ಎರಕ ಹೊಯ್ದ ನಕಲಿನಲ್ಲಿ ಅಕ್ಷರದ ಅಂಚುಗಳೆಲ್ಲ ಒಂದೇ ಸಮ ದುಂಡಗಿರುತ್ತವೆ, ತಳ ರವೆಯಂತೆ ತರಿತರಿಯಾಗಿರುತ್ತದೆ. ಆಮ್ಲ ಹಚ್ಚಿ ಎಬ್ಬಿಸಿದ ತುಕ್ಕು ಮೂಲೆ, ಸಂದು, ಕೈ ಸವೆಸುವ ಜಾಗ ಎಂಬ ಭೇದವಿಲ್ಲದೆ ಎಲ್ಲೆಡೆ ಹರಡಿರುತ್ತದೆ. ಇದನ್ನು ಹಗಲು ಬೆಳಕಿನಲ್ಲಿ, ನಳಿಗೆಯನ್ನು ಓರೆಯಾಗಿ ಹಿಡಿದು ನೋಡಬೇಕು; ಅಂಗಡಿಯ ಹಳದಿ ಬಲ್ಬಿನಡಿ ಎಲ್ಲವೂ ಪುರಾತನವಾಗಿಯೇ ಕಾಣುತ್ತದೆ.

ಇದಾದ ಮೇಲೆಯೇ ಇಸವಿಗಳ ಲೆಕ್ಕ. ನಳಿಗೆಗಳ ಬಲ ಪರೀಕ್ಷಿಸಿ ಮುದ್ರೆ ಹೊಡೆಯುವ ಬರ್ಮಿಂಗ್‌ಹ್ಯಾಮಿನ ಪರೀಕ್ಷಾಗೃಹ ಸ್ಥಾಪನೆಯಾದದ್ದು 1813ರಲ್ಲಿ. ಅದರ ಗುರುತಾದ, ಅಡ್ಡಹಾಯ್ದ ರಾಜದಂಡಗಳ ನಡುವೆ ಬಿ.ಸಿ.ಪಿ. ಅಕ್ಷರಗಳಿರುವ ಮುದ್ರೆಯುಳ್ಳ ನಳಿಗೆಯನ್ನು ಟಿಪ್ಪುವಿನ ಕಾಲದ್ದೆಂದು ಮಾರಿದರೆ ನಂಬುವಂತಿಲ್ಲ. ಟಿಪ್ಪು ಮಡಿದದ್ದು 1799ರಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ಲಾಕುಗಳ ಮೇಲೆ ಸುಮಾರು 1808ರವರೆಗೆ ನಾಲ್ಕು ಭಾಗ ಮಾಡಿದ ಹೃದಯದ ಗುರುತು ಇರುತ್ತಿತ್ತು. ಅನಂತರ ಬಂದದ್ದು ಕಿರೀಟ ಹಿಡಿದು ಎದ್ದುನಿಂತ ಸಿಂಹ.

ಪರಿಚಯದ ಹೋಟೆಲ್ ಮಾಲೀಕರೊಬ್ಬರಿಗೆ ಒಮ್ಮೆ ಸಿಂಹದ ಪಕ್ಕದಲ್ಲಿ 1796 ಎಂದಿದ್ದ ಪಿಸ್ತೂಲು ಸಿಕ್ಕಿತ್ತು. “ಅಣ್ಣಾ, ಸಿಂಹ ಹನ್ನೆರಡು ವರ್ಷ ಮೊದಲೇ ಬಂದುಬಿಟ್ಟಿದೆ” ಎಂದೆ. “ಇರಲಿ ಬಿಡಿ, ನೋಡಲು ಚೆನ್ನಾಗಿದೆ” ಎಂದು ಬೆಲೆ ಇಳಿಸಿ ಕೊಂಡರು. ನನಗೆ ಅದರಲ್ಲಿ ಆಕ್ಷೇಪವಿಲ್ಲ, ಅಲಂಕಾರಕ್ಕೆ ಅಲಂಕಾರದ ಬೆಲೆ.

ಅಸಲಿ ಎಂದು ಖಚಿತವಾದರೆ ಬೇರೆಯೇ ತಲೆನೋವು. ಹಳೆಯದೆಂಬ ಒಂದೇ ಕಾರಣಕ್ಕೆ ಪರವಾನಗಿಯಿಂದ ವಿನಾಯಿತಿ ಸಿಗುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆಯ 45ನೆಯ ಕಲಮಿನ ಪ್ರಕಾರ ಅದು ದುರಸ್ತಿ ಮಾಡಿದರೂ ಗುಂಡು ಹಾರಿಸಲಾಗದ ಸ್ಥಿತಿಯಲ್ಲಿರಬೇಕು. ಹಾಗಾಗಿ ಗಟ್ಟಿಮುಟ್ಟಾದ ನಳಿಗೆ ಕಂಡಾಗ, ಹಣ ಕೊಡುವ ಮೊದಲು ವಕೀಲರನ್ನು ಕಾಣಿ ಎಂದು ಹೇಳಿ ಕಳುಹಿಸುತ್ತೇನೆ.