ಸೆಂಟು, ಸೌಂದರ್ಯವರ್ಧಕಗಳ ಅಂಗಡಿ: ದಾಸ್ತಾನು, ಟೆಸ್ಟರ್ ಮತ್ತು ಮಾರಾಟದ ಕ್ರಮ

ಸುಗಂಧದ್ರವ್ಯ ಹಾಗೂ ಸೌಂದರ್ಯವರ್ಧಕಗಳ ಚಿಲ್ಲರೆ ವ್ಯಾಪಾರಕ್ಕೆ ಇಳಿಯುವವರು ಎಲ್ಲಕ್ಕಿಂತ ಮೊದಲು ದಾಸ್ತಾನಿನ ಆಯುಸ್ಸನ್ನು ಲೆಕ್ಕ ಹಾಕಬೇಕು. ಒಂದೇ ಲಿಪ್‌ಸ್ಟಿಕ್ಕಿನಲ್ಲಿ 20 ಶೇಡ್‌ಗಳಿದ್ದರೆ ವ್ಯಾಪಾರಿಯ ಪಾಲಿಗೆ ಅವು 20 ಬೇರೆ ಬೇರೆ ಸರಕುಗಳೇ. ಅವುಗಳಲ್ಲಿ ಬೇಗ ಖರ್ಚಾಗುವವು ಕೆಲವು ಮಾತ್ರ, ಉಳಿದವು ಬಂಡವಾಳವನ್ನು ಹಿಡಿದುಕೊಂಡು ಕೂರುತ್ತವೆ. ಆದ್ದರಿಂದ ಆರಂಭದಲ್ಲಿ ಪ್ರತಿ ಶೇಡ್‌ನಲ್ಲೂ ಕಡಿಮೆ ತರಿಸಿ, ಮಾರಾಟವನ್ನು ನೋಡಿಕೊಂಡು ಮತ್ತೆ ತರಿಸುವುದು ಲೇಸು. ಸರಕನ್ನು ಜೋಡಿಸುವಾಗ ಮೊದಲು ಬಂದದ್ದನ್ನಲ್ಲ, ಮೊದಲು ಅವಧಿ ಮುಗಿಯುವುದನ್ನು ಮುಂದಿಡಬೇಕು.

ಸೆಂಟಿನ ಬಾಟಲಿಗಳನ್ನು ಬಿಸಿಲು ಬೀಳುವ ಗಾಜಿನ ಕಿಟಕಿಯಲ್ಲಿ ಸಾಲಾಗಿ ನಿಲ್ಲಿಸುವುದು ನೋಡಲು ಚೆಂದವೇನೋ ಹೌದು, ಆದರೆ ಬೆಳಕು ಮತ್ತು ಶಾಖ ತಗುಲಿದ ಸೆಂಟು ಬಣ್ಣಗೆಡುತ್ತದೆ, ಅದರ ನಿಂಬೆ ಜಾತಿಯ ಪರಿಮಳ ಎಲ್ಲಕ್ಕಿಂತ ಮೊದಲು ಕೆಡುತ್ತದೆ. ಪ್ರದರ್ಶನಕ್ಕೆ ಖಾಲಿ ಡಬ್ಬಿಗಳನ್ನಿಟ್ಟು, ಸರಕನ್ನು ತಂಪಾದ ಕತ್ತಲ ಜಾಗದಲ್ಲಿ ಇರಿಸಬೇಕು. ಇವುಗಳಲ್ಲಿ ಬಹುಪಾಲು ಆಲ್ಕೋಹಾಲ್ ಇರುವುದರಿಂದ ಹತ್ತಿರದಲ್ಲಿ ಬೆಂಕಿ ಸುಳಿಯಬಾರದು.

ಸೆಂಟು ತೋರಿಸುವಾಗ ಆತುರ ಸಲ್ಲದು. ಕಾಗದದ ಪಟ್ಟಿಗೆ ಒಮ್ಮೆ ಸಿಂಪಡಿಸಿ, ಆಲ್ಕೋಹಾಲಿನ ಘಾಟು ಆರಿದ ಮೇಲೆ ಮೂಸಲು ಕೊಡಬೇಕು; ಹೆಸರನ್ನು ಅದೇ ಪಟ್ಟಿಯ ತುದಿಯಲ್ಲಿ ಬರೆದಿಟ್ಟರೆ ಗೊಂದಲವಾಗದು. ಮೂರ್ನಾಲ್ಕು ಪರಿಮಳಗಳ ನಂತರ ಮೂಗು ಮಂಕಾಗುತ್ತದೆ. ಆಗ ಕಾಫಿ ಬೀಜ ಮೂಸಿಸುವ ರೂಢಿ ಹಲವೆಡೆ ಇದೆಯಾದರೂ ಒಂದಿಷ್ಟು ಹೊತ್ತು ತಾಜಾ ಗಾಳಿ ದೊರೆತರೆ ಸಾಕು. ಗಿರಾಕಿಗೆ ಹಿಡಿಸಿದ ಒಂದನ್ನು ಮಾತ್ರ ಮಣಿಕಟ್ಟಿಗೆ ಹಾಕಿ, ಉಜ್ಜದಂತೆ ಹೇಳಿ, ಅರ್ಧ ಗಂಟೆ ಸುತ್ತಾಡಿ ಬರಲು ಬಿಡಬೇಕು. ಆರಂಭದ ಪರಿಮಳ ಅಷ್ಟರೊಳಗೆ ಹಾರಿಹೋಗಿ, ದಿನವಿಡೀ ಜೊತೆಗಿರುವ ಪರಿಮಳದ ಸುಳಿವು ಸಿಗುತ್ತದೆ. ಸೆಂಟಿನ ಡಬ್ಬಿಯ ಮೇಲೆ ಕಾಣುವ ಎರಡು ಬಗೆಗಳಲ್ಲಿ, ಓ ದ ಟಾಯ್ಲೆಟ್‌ಗಿಂತ ಓ ದ ಪರ್ಫ್ಯೂಮ್‌ನಲ್ಲಿ ಸಾಮಾನ್ಯವಾಗಿ ಪರಿಮಳದ ಸಾಂದ್ರತೆ ಹೆಚ್ಚು ಎಂಬುದನ್ನೂ, ಬೆಲೆಯ ವ್ಯತ್ಯಾಸಕ್ಕೆ ಅದೂ ಒಂದು ಕಾರಣವೆಂಬುದನ್ನೂ ತಿಳಿಸಿದರೆ ಗಿರಾಕಿಯೇ ಆರಿಸಿಕೊಳ್ಳುತ್ತಾರೆ.

ಮುಖದ ಬಣ್ಣ ಸಮವಾಗಿಸಲು ಹಚ್ಚುವ ಫೌಂಡೇಶನ್‌ನ ಶೇಡ್ ಅನ್ನು ಕೈಯ ಹಿಂಬದಿಗೆ ಹಚ್ಚಿ ನೋಡುವುದು ವ್ಯರ್ಥ. ದವಡೆಯ ಅಂಚಿಗೆ ಹಚ್ಚಿ ಹಗಲು ಬೆಳಕಿನಲ್ಲಿ ನೋಡಬೇಕು. ಟೆಸ್ಟರ್ (ಗಿರಾಕಿಗಳು ಹಚ್ಚಿ ನೋಡಲೆಂದು ತೆರೆದಿಟ್ಟ) ಲಿಪ್‌ಸ್ಟಿಕ್ಕನ್ನು ನೇರವಾಗಿ ತುಟಿಗೆ ತಾಗಿಸಲು ಬಿಡದೆ, ಬಳಸಿ ಎಸೆಯುವ ಕಡ್ಡಿಯಿಂದ ತೆಗೆದುಕೊಡಬೇಕು. ಮಸ್ಕಾರಾ ಕಣ್ಣಿನ ಸೋಂಕನ್ನು ಹರಡಬಲ್ಲದಾದ್ದರಿಂದ ಒಮ್ಮೆ ಕಣ್ಣಿಗೆ ಮುಟ್ಟಿದ ಕುಂಚವನ್ನು ಮತ್ತೆ ಟೆಸ್ಟರಿನೊಳಗೆ ಅದ್ದಲೇಬಾರದು. ಸರಕಿನ ಮೇಲೆ ಮುದ್ರಿಸಿದ, ಮುಚ್ಚಳ ತೆರೆದ ಡಬ್ಬಿಯ ಚಿತ್ರದೊಳಗೆ 6 ಅಥವಾ 12 ಎಂಬ ಅಂಕಿಯಿದ್ದರೆ, ಮುಚ್ಚಳ ತೆರೆದ ಮೇಲೆ ಅಷ್ಟು ತಿಂಗಳು ಬಳಸಬಹುದೆಂದು ಅರ್ಥ. ಟೆಸ್ಟರ್ ತೆರೆದ ದಿನಾಂಕವನ್ನು ಅದರ ತಳದಲ್ಲಿ ಬರೆದಿಡಬೇಕು.

ಕೂದಲ ಬಣ್ಣ ಮಾರುವಾಗ, ಬಳಸುವ 48 ಗಂಟೆ ಮೊದಲು ಚರ್ಮದ ಮೇಲೆ ಪರೀಕ್ಷಿಸಬೇಕೆಂಬ ಸೂಚನೆಯನ್ನು ಬಾಯಿಬಿಟ್ಟು ಹೇಳಬೇಕು, ಏಕೆಂದರೆ ಪೊಟ್ಟಣದ ಮೇಲಿನ ಸಣ್ಣ ಅಕ್ಷರಗಳನ್ನು ಓದುವವರು ವಿರಳ. ಬಿಲ್ಲಿನಲ್ಲಿ ಬ್ಯಾಚ್ ಸಂಖ್ಯೆ (ಒಟ್ಟಿಗೆ ತಯಾರಾದ ಸರಕಿನ ಗುರುತು) ದಾಖಲಾಗಿದ್ದರೆ, ಯಾರಿಗಾದರೂ ತುರಿಕೆ ಕಾಣಿಸಿಕೊಂಡಾಗ ಅದೇ ಬ್ಯಾಚಿನ ಉಳಿದ ಸರಕನ್ನು ಕೂಡಲೇ ಕಪಾಟಿನಿಂದ ತೆಗೆದಿಟ್ಟು ಪೂರೈಕೆದಾರರಿಗೆ ತಿಳಿಸಬಹುದು.